ಮೈಲ್ಸ್ ಫ್ರ್ಯಾಂಕ್ಲಿನ್ ಹಳೇ ಆವೃತ್ತಿಗಳು: 1901ರ ಬ್ಲ್ಯಾಕ್‌ವುಡ್ ಪ್ರತಿ ಅಂತ ಮಾರಾಟಕ್ಕಿದೆ, ನಂಬಬಹುದಾ?

ಪುಟಗಳ ಸಂತೆ

ಆಸ್ಟ್ರೇಲಿಯಾದ ಕಾದಂಬರಿಕಾರ್ತಿ ಮೈಲ್ಸ್ ಫ್ರ್ಯಾಂಕ್ಲಿನ್ ಅವರ ಹಳೇ ಆವೃತ್ತಿಗಳನ್ನು ಒಂದೊಂದಾಗಿ ಕೂಡಿಹಾಕುವ ಯೋಚನೆ ಇದೆ. ಆಸ್ಟ್ರೇಲಿಯಾದ ಒಬ್ಬ ವ್ಯಾಪಾರಿಯ ಪಟ್ಟಿಯಲ್ಲಿ ಎರಡು ಬಾಬ್ತು ಕಂಡಿವೆ. ಅವರು ಬರೆದದ್ದು ಹೀಗೆ.

ಮೊದಲನೆಯದು 'ಮೈ ಬ್ರಿಲಿಯಂಟ್ ಕೆರಿಯರ್', ಪ್ರಕಾಶಕರು ಬ್ಲ್ಯಾಕ್‌ವುಡ್, 1901, ಮೊದಲ ಆವೃತ್ತಿ. ಮೂಲ ಬಟ್ಟೆ ರಟ್ಟು, ಬೆನ್ನು ಬಿಸಿಲಿಗೆ ಮಾಸಿದೆ. ಅರ್ಧಶೀರ್ಷಿಕೆ ಪುಟ (ಶೀರ್ಷಿಕೆ ಪುಟಕ್ಕೂ ಮುಂಚೆ ಬರುವ, ಪುಸ್ತಕದ ಹೆಸರಷ್ಟೇ ಇರುವ ಪುಟ) ಇಲ್ಲ. ಯಾವುದೋ ಊರಿನ 'ಸ್ಕೂಲ್ ಆಫ್ ಆರ್ಟ್ಸ್' ಲೈಬ್ರರಿಯ ಮೊಹರು ಮೂರು ಕಡೆ. ಕೊನೆಗೆ ಪ್ರಕಾಶಕರ ಕ್ಯಾಟಲಾಗ್ ಸೇರಿದೆ. ಜಾಕೆಟ್ (ರಟ್ಟಿನ ಮೇಲೆ ಸುತ್ತುವ ಕಾಗದದ ಹೊದಿಕೆ) ಇಲ್ಲ.

ಎರಡನೆಯದು 'ಬ್ರೆಂಟ್ ಆಫ್ ಬಿನ್ ಬಿನ್' ಅನ್ನುವ ಗುಪ್ತನಾಮದಲ್ಲಿ ಅವರೇ ಬರೆದ ಮೂರು ಕಾದಂಬರಿಗಳ ಗಂಟು: 'ಅಪ್ ದಿ ಕಂಟ್ರಿ', 'ಟೆನ್ ಕ್ರೀಕ್ಸ್ ರನ್', 'ಬ್ಯಾಕ್ ಟು ಬೂಲ್ ಬೂಲ್'. "1928-31, ಎಲ್ಲವೂ ಫಸ್ಟ್" ಅಂದಿದ್ದಾರೆ. ಹಾಕಿರುವುದು ಒಂದೇ ಫೋಟೊ, ಮೂರು ಪುಸ್ತಕದ ಬೆನ್ನುಗಳದ್ದು.

ದುಡ್ಡು ಕಳಿಸುವ ಮೊದಲು ಯಾವ ಯಾವ ಫೋಟೊ ಕೇಳಬೇಕು? ಎಲ್ಲಿ ಎಡವುವ ಸಂಭವ ಹೆಚ್ಚು?

ಹೊಲಿಗೆಬೆನ್ನು

ಮೊದಲನೆಯದಕ್ಕೆ ಆರು ಫೋಟೊ ಕೇಳಿ: ಶೀರ್ಷಿಕೆ ಪುಟ, ಅದರ ಹಿಂಬದಿ, ಆಸ್ಟ್ರೇಲಿಯಾದ ಬರಹಗಾರ ಹೆನ್ರಿ ಲಾಸನ್ ಬರೆದ ಮುನ್ನುಡಿಯ ಕೊನೆ, ಕಥೆಯ 1ನೇ ಪುಟದ ಕೆಳತುದಿ, ಕೊನೆಯ ಪುಟ, ಕ್ಯಾಟಲಾಗಿನಲ್ಲಿ 'ಸಿ' ಅಕ್ಷರದ ಲೇಖಕರಿರುವ ಪುಟ. ಆರನೆಯದು ಯಾಕೆ ಅಂತ ಆಮೇಲೆ ಹೇಳ್ತೀನಿ.

ಶೀರ್ಷಿಕೆ ಪುಟದಲ್ಲಿ 'ವಿಲಿಯಂ ಬ್ಲ್ಯಾಕ್‌ವುಡ್ ಅಂಡ್ ಸನ್ಸ್, ಎಡಿನ್‌ಬರೋ ಅಂಡ್ ಲಂಡನ್' ಅಂತ ಇದ್ದು, ಅದರಡಿ ವರ್ಷ ರೋಮನ್ ಅಂಕಿಯಲ್ಲಿರಬೇಕು: ಎಂ, ಸಿ, ಎಂ, ಐ. ಬ್ಲ್ಯಾಕ್‌ವುಡ್‌ನವರ ಪದ್ಧತಿ ಅದು. ಕೊನೆಯ ಅಕ್ಷರಗಳನ್ನು ಸರಿಯಾಗಿ ಎಣಿಸಿ. ಒಂದು ಐ ಇದ್ದರೆ 1901, ಎರಡಿದ್ದರೆ 1902. ಮಬ್ಬು ಫೋಟೊದಲ್ಲಿ ಇಲ್ಲೇ ಜನ ಬೇಸ್ತು ಬೀಳುವುದು. ಹಿಂಬದಿಯಲ್ಲಾಗಲಿ ಶೀರ್ಷಿಕೆ ಪುಟದಲ್ಲಾಗಲಿ ಇನ್ನೊಂದು 'ಇಂಪ್ರೆಷನ್' ಅನ್ನುವ ಮಾತು ಕಂಡರೆ ಅದು ಮರುಅಚ್ಚು.

ಲಾಸನ್ ಮುನ್ನುಡಿಯ ಕೊನೆಯಲ್ಲಿ 'ಇಂಗ್ಲೆಂಡ್, ಏಪ್ರಿಲ್ 1901' ಅಂತ ಇರುತ್ತದೆ. ಇದರಿಂದ ಆವೃತ್ತಿ ಸಾಬೀತಾಗುವುದಿಲ್ಲ, ಯಾಕೆಂದರೆ ಮರುಅಚ್ಚಿನಲ್ಲೂ ಅದೇ ಮುನ್ನುಡಿ, ಅದೇ ತಾರೀಖು ಉಳಿಯಿತು. 1901 ಅಂತ ಕಂಡ ಕೂಡಲೇ ಕಣ್ಣುಮುಚ್ಚಿ ಕೊಳ್ಳುವವರಿಗಾಗಿ ಈ ಮಾತು.

ಇನ್ನು ಪುಟ ಸಂಪೂರ್ಣ ಇದೆಯಾ ಅನ್ನುವುದು. ಆ ಕಾಲದ ಪುಸ್ತಕದಲ್ಲಿ ಪುಟದ ಕೆಳತುದಿಯಲ್ಲಿ ಒಂಟಿ ದೊಡ್ಡಕ್ಷರ ಕಾಣುತ್ತದಲ್ಲ, ಅದು ಬೈಂಡಿಂಗ್‌ನವನಿಗೆ ಹಾಕಿದ ಗುರುತು. ಒಂದೊಂದು ಕಟ್ಟಿಗೆ ಒಂದೊಂದು ಅಕ್ಷರ. ಎಂಟು ಎಲೆ, ಅಂದರೆ 16 ಪುಟದ ಕಟ್ಟಾದರೆ ಪ್ರತಿ 16 ಪುಟಕ್ಕೆ ಅಕ್ಷರ ಬದಲಾಗಬೇಕು. ಕೆಲವು ಮುದ್ರಣಾಲಯಗಳು 1ನೇ ಪುಟಕ್ಕೆ 'ಎ' ಹಾಕುತ್ತಿದ್ದವು, ಕೆಲವು ಪೂರ್ವಪುಟಗಳಿಗೆ 'ಎ' ಬಿಟ್ಟು ಕಥೆಯನ್ನು 'ಬಿ'ಯಿಂದ ಶುರು ಮಾಡುತ್ತಿದ್ದವು. 1ನೇ ಪುಟದ ಫೋಟೊ ಅದಕ್ಕೇ. 'ಎ' ಇದ್ದರೆ 17ಕ್ಕೆ 'ಬಿ', 33ಕ್ಕೆ 'ಸಿ', ಹೀಗೆ 145ಕ್ಕೆ 'ಕೆ'. 'ಬಿ'ಯಿಂದ ಶುರುವಾದರೆ 'ಕೆ' ಬರುವುದು 129ಕ್ಕೆ. ಜೆ, ವಿ, ಡಬ್ಲ್ಯು ಈ ಲೆಕ್ಕದಲ್ಲಿ ಬರುವುದಿಲ್ಲ. 'ಐ' ಆದ ಮೇಲೆ 'ಕೆ' ಬಂದರೆ ಒಂದು ಕಟ್ಟು ಕಾಣೆಯಾಗಿದೆ ಅಂತ ಗಾಬರಿ ಬೇಡ. ವ್ಯಾಪಾರಿಗೆ ಈ ಲೆಕ್ಕ ಕೊಟ್ಟು "ಅಕ್ಷರಗಳು ಸಾಲಾಗಿವೆಯಾ ನೋಡಿ" ಅಂದರೆ ಐದು ನಿಮಿಷದ ಕೆಲಸ.

ಅರ್ಧಶೀರ್ಷಿಕೆ ಪುಟ ಇಲ್ಲ ಅನ್ನುವುದನ್ನು ಹಗುರವಾಗಿ ತಗೋಬೇಡಿ. ಒಂದು ಕಾರಣ: ಎಲೆಗಳು ಜೋಡಿಯಾಗಿ ಮಡಿಚಿದವು, ಒಂದನ್ನು ಹರಿದರೆ ಅದರ ಜೊತೆಯ ಎಲೆ ಹೊಲಿಗೆಯಿಂದ ಸಡಿಲವಾಗುತ್ತದೆ. ಇನ್ನೊಂದು ಕಾರಣ ವಸಾಹತು ಆವೃತ್ತಿಯದ್ದು. ಯಾರಾದರೂ ಕೇಳಿದರೆ ಬರೆಯುತ್ತೇನೆ.

ಯಾರಾ ದಂಡೆ

ಎರಡನೇ ಬಾಬ್ತಿನ ಬಗ್ಗೆ. ಬೆನ್ನಿನ ಫೋಟೊ ದೊಡ್ಡದು ಮಾಡಿ ನೋಡಿದೆ. ಎಡಗಡೆಯದ್ದರ ತಳದಲ್ಲಿ ಪ್ರಕಾಶಕರ ಹೆಸರು 'ಆಂಗಸ್ ಅಂಡ್ ರಾಬರ್ಟ್‌ಸನ್' ಥರ ಕಾಣುತ್ತಿದೆ. ಹಾಗಿದ್ದರೆ ಅದು 1928ರ ಪುಸ್ತಕ ಅಲ್ಲವೇ ಅಲ್ಲ.

ಬ್ರೆಂಟ್ ಹೆಸರಿನ ಮೊದಲ ಮೂರನ್ನೂ ಹೊರತಂದದ್ದು ಬ್ಲ್ಯಾಕ್‌ವುಡ್: 'ಅಪ್ ದಿ ಕಂಟ್ರಿ' 1928, 'ಟೆನ್ ಕ್ರೀಕ್ಸ್ ರನ್' 1930, 'ಬ್ಯಾಕ್ ಟು ಬೂಲ್ ಬೂಲ್' 1931. ಇಪ್ಪತ್ತು ವರ್ಷ ಕಳೆದ ಮೇಲೆ ಸಿಡ್ನಿಯ ಆಂಗಸ್ ಅಂಡ್ ರಾಬರ್ಟ್‌ಸನ್‌ನವರು ಇವೇ ಕಾದಂಬರಿಗಳನ್ನು ಮತ್ತೆ ತಂದರು. 'ಅಪ್ ದಿ ಕಂಟ್ರಿ' 1951ರಲ್ಲಿ ಬಂತು, ಉಳಿದೆರಡು ಆಮೇಲೆ. ಅವು ಬರೀ ಮರುಮುದ್ರಣ ಅಲ್ಲ, ಪಠ್ಯವನ್ನೇ ತಿದ್ದಿದ ಆವೃತ್ತಿಗಳು. ಓದುವವರಿಗೆ ಎರಡೂ ಬೇಕು. ಆದರೆ 1951ರದ್ದಕ್ಕೆ 1928ರ ಬೆಲೆ ಕೊಡುವಂತಿಲ್ಲ. ಮೂರಕ್ಕೂ ಬೇರೆ ಬೇರೆ ಶೀರ್ಷಿಕೆ ಪುಟದ ಫೋಟೊ ಕೇಳಿ. ಗಂಟು ಕಟ್ಟಿ ಮಾರುವ ಪುಸ್ತಕದಲ್ಲಿ ಒಂದು ಹುಳುಕು ಮಾಲು ಸೇರಿಕೊಳ್ಳುವುದು ಎಲ್ಲ ಸಂತೆಯಲ್ಲೂ ಇದ್ದದ್ದೇ.

ಈ ಲೇಖಕಿಯ ಪುಸ್ತಕ ಹುಡುಕುವಾಗ ಮೊದಲು ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಹುಟ್ಟುಹೆಸರು ಸ್ಟೆಲ್ಲಾ ಮರಿಯಾ ಸಾರಾ ಮೈಲ್ಸ್ ಫ್ರ್ಯಾಂಕ್ಲಿನ್, 1879ರಲ್ಲಿ ನ್ಯೂ ಸೌತ್ ವೇಲ್ಸ್‌ನ ಟಾಲ್ಬಿಂಗೋದಲ್ಲಿ ಹುಟ್ಟಿದವರು. 'ಮೈಲ್ಸ್' ಅಂತಷ್ಟೇ ಹಾಕಿಕೊಂಡದ್ದು ಓದುಗರು ಗಂಡಸು ಅಂದುಕೊಳ್ಳಲಿ ಅಂತ. ಲಾಸನ್ ಮುನ್ನುಡಿಯಲ್ಲೇ ಬರೆದವಳು ಹುಡುಗಿ ಅಂತ ಹೇಳಿಬಿಟ್ಟ, ಅಲ್ಲಿಗೆ ಗುಟ್ಟು ಮುಗಿಯಿತು. 1909ರ 'ಸಮ್ ಎವರಿಡೇ ಫೋಕ್ ಅಂಡ್ ಡಾನ್' ಕೂಡ ಮೈಲ್ಸ್ ಹೆಸರಿನಲ್ಲೇ ಬ್ಲ್ಯಾಕ್‌ವುಡ್‌ನಿಂದ ಬಂತು. 1915ರಲ್ಲಿ ಲಂಡನ್ನಿನ ಮಿಲ್ಸ್ ಅಂಡ್ ಬೂನ್ ಹೊರತಂದ 'ದಿ ನೆಟ್ ಆಫ್ ಸರ್ಕಮ್‌ಸ್ಟನ್ಸ್' ಮೇಲೆ ಇರುವ ಹೆಸರು 'ಮಿಸ್ಟರ್ ಅಂಡ್ ಮಿಸೆಸ್ ಒಗ್ನಿಬ್ಲಾಟ್ ಲಾರ್ಟ್‌ಸೋ'. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬಲದಿಂದ ಎಡಕ್ಕೆ ಓದಿದರೆ 'ಟಾಲ್ಬಿಂಗೋ' ಮತ್ತು ಹೆಚ್ಚುಕಡಿಮೆ 'ಆಸ್ಟ್ರಲ್'. ಇದು ಸಿಗುವುದು ದುರ್ಲಭ. ಸಿಕ್ಕರೂ ಮಾರುವವನಿಗೆ ಯಾರದ್ದು ಅಂತ ಗೊತ್ತಿರುವುದಿಲ್ಲ, ಹಾಗಾಗಿ ಫ್ರ್ಯಾಂಕ್ಲಿನ್ ಅಂತ ಹುಡುಕಿದರೆ ಪಟ್ಟಿಯಲ್ಲಿ ಬರುವುದೇ ಇಲ್ಲ. ಪುಸ್ತಕದ ಹೆಸರಿನಿಂದಲೇ ಹುಡುಕಿ, ಮಿಲ್ಸ್ ಅಂಡ್ ಬೂನ್ 1915 ಅಂತಲೂ ಹಾಕಿ ನೋಡಿ.

1931ರಲ್ಲಿ ಒಂದು ತಮಾಷೆ ಇದೆ. ಅದೇ ವರ್ಷ 'ಬ್ಯಾಕ್ ಟು ಬೂಲ್ ಬೂಲ್' ಬ್ರೆಂಟ್ ಹೆಸರಲ್ಲಿ, 'ಓಲ್ಡ್ ಬ್ಲಾಸ್ಟಸ್ ಆಫ್ ಬ್ಯಾಂಡಿಕೂಟ್' ಮೈಲ್ಸ್ ಫ್ರ್ಯಾಂಕ್ಲಿನ್ ಹೆಸರಲ್ಲಿ ಲಂಡನ್ನಿನ ಸೆಸಿಲ್ ಪಾಮರ್‌ನಿಂದ. ಕಪಾಟಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಚೆಂದ.

ಧಾರವಾಡ ಫೇಡಾ

ಹೊಲಿಗೆಬೆನ್ನು ಸರ, ವಸಾಹತು ಆವೃತ್ತಿ ಅಂದ್ರಲ್ಲ, ಅದನ್ನ ಅರ್ಧಕ್ಕ ಬಿಡಬ್ಯಾಡ್ರಿ. ನಮ್ಮ ಕಡೆ ಹಳೇ ಕ್ಲಬ್ಬು, ಲೈಬ್ರರಿ ಪುಸ್ತಕದಾಗ 'ಇಂಡಿಯಾ ಮತ್ತು ವಸಾಹತುಗಳಿಗೆ ಮಾತ್ರ' ಅಂತ ಅಚ್ಚಾಗಿದ್ದು ಸಿಗತಾವು. ಅದೂ ಇದೂ ಒಂದೇ ಏನ್ರಿ? ಅದು ಮೊದಲನೇ ಆವೃತ್ತಿ ಅನಿಸ್ಕೋತದೋ ಇಲ್ಲೋ?

ಹೊಲಿಗೆಬೆನ್ನು

ಒಂದೇ ವ್ಯವಸ್ಥೆ ರೀ. ಬ್ರಿಟಿಷ್ ಪ್ರಕಾಶಕರು ಒಂದೇ ಸಲ ಅಚ್ಚು ಹಾಕಿದ ಹಾಳೆಗಳಲ್ಲಿ ಒಂದು ಭಾಗವನ್ನು ಅಗ್ಗದ ಬಟ್ಟೆ ಅಥವಾ ಕಾಗದದ ರಟ್ಟಿನಲ್ಲಿ ಕಟ್ಟಿಸಿ ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮುಂತಾದ ಕಡೆಗೆ ಕಡಿಮೆ ಬೆಲೆಗೆ ಕಳಿಸುತ್ತಿದ್ದರು. ಬ್ರಿಟನ್ನಿನೊಳಗೆ ಅದನ್ನು ಮಾರುವಂತಿರಲಿಲ್ಲ, ಆ ಸೂಚನೆಯೇ ನೀವು ಕಂಡದ್ದು. ಲೇಖಕರಿಗೆ ಆ ಪ್ರತಿಗಳಿಂದ ಬರುವ ರಾಯಲ್ಟಿಯೂ ಸಾಮಾನ್ಯವಾಗಿ ಕಡಿಮೆ. ಆಸ್ಟ್ರೇಲಿಯಾದ ಬರಹಗಾರರಿಗೆ ಇದೇ ದೊಡ್ಡ ಹೊಡೆತ. ಓದುಗರು ಇದ್ದದ್ದು ಊರಲ್ಲಿ, ಊರಲ್ಲಿ ಮಾರಾಟವಾಗುತ್ತಿದ್ದದ್ದು ಕಡಿಮೆ ರಾಯಲ್ಟಿಯ ಪ್ರತಿ.

ಸೂಚನೆ ಸಾಮಾನ್ಯವಾಗಿ ಅರ್ಧಶೀರ್ಷಿಕೆ ಪುಟ, ಶೀರ್ಷಿಕೆ ಪುಟ ಅಥವಾ ರಟ್ಟಿನ ಮೇಲೆ ಇರುತ್ತದೆ. ಈಗ ಮೇಲಿನ ಪ್ರತಿಗೆ ಬನ್ನಿ: ಅರ್ಧಶೀರ್ಷಿಕೆ ಪುಟವೇ ಹೋಗಿದೆ, ಪ್ರತಿ ಇದ್ದದ್ದು ಆಸ್ಟ್ರೇಲಿಯಾದ ಊರ ಲೈಬ್ರರಿಯಲ್ಲಿ. ಹೋದ ಪುಟದಲ್ಲಿ ಏನಿತ್ತು ಅಂತ ಈಗ ಯಾರೂ ಹೇಳಲಾರರು. ಯಾರೋ ಬೇಕಂತಲೇ ಕಿತ್ತರು ಅಂತ ನಾನು ಹೇಳುತ್ತಿಲ್ಲ, ಲೈಬ್ರರಿ ಪುಸ್ತಕದಲ್ಲಿ ಮೊದಲು ಉದುರುವುದೇ ಆ ಎಲೆ. ಆದರೆ 'ಬ್ರಿಟಿಷ್ ಆವೃತ್ತಿ' ಅಂತ ಖಚಿತವಾಗಿ ಹೇಳಿ ಹೆಚ್ಚು ಬೆಲೆ ಕೇಳುವ ಹಕ್ಕು ಆ ಪ್ರತಿಗೆ ಇಲ್ಲ.

ಮೊದಲ ಆವೃತ್ತಿ ಹೌದೋ ಅಲ್ಲವೋ ಅಂದರೆ, ಅಚ್ಚು ಒಂದೇ ಆಗಿದ್ದರೆ ಮೊದಲ ಮುದ್ರಣದ ವಸಾಹತು ಪ್ರತಿ ಅನ್ನಬೇಕು. ಮಾರುಕಟ್ಟೆ ಎರಡನೇ ದರ್ಜೆ ಅನ್ನುತ್ತದೆ, ನಾನು ಒಪ್ಪುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ಗೌಲ್‌ಬರ್ನ್ ಊರಿನ ಹತ್ತಿರ ಬೆಳೆದ ಹುಡುಗಿ ಬರೆದ ಪುಸ್ತಕವನ್ನು ಗೌಲ್‌ಬರ್ನ್ ಕಡೆಯವರು ಓದಿದ್ದು ಅಂಥ ಪ್ರತಿಯಲ್ಲೇ.

ಪುಟಗಳ ಸಂತೆ

ಫೋಟೊಗಳು ಬಂದವು. ಶೀರ್ಷಿಕೆ ಪುಟದಲ್ಲಿ ರೋಮನ್ ಅಂಕಿ, ಕೊನೆಗೆ ಒಂದೇ ಐ. ಹಿಂಬದಿಯಲ್ಲಿ ಇಂಪ್ರೆಷನ್ ಮಾತಿಲ್ಲ. ಅಕ್ಷರಗಳು ಸಾಲಾಗಿವೆ, ಯಾವ ಕಟ್ಟೂ ಬಿಟ್ಟಿಲ್ಲ ಅಂತ ವ್ಯಾಪಾರಿ ಬರೆದಿದ್ದಾರೆ. ಕ್ಯಾಟಲಾಗ್ ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿದೆ. 'ಸಿ' ಪುಟದಲ್ಲಿ ಕಾನ್ರಾಡ್ ಹೆಸರಿನಡಿ ಎರಡು ಪುಸ್ತಕ: 'ಲಾರ್ಡ್ ಜಿಮ್', ಅದರ ಕೆಳಗೆ 'ಯೂತ್'.

ಬ್ರೆಂಟ್ ಗಂಟಿನಲ್ಲಿ ಯಾರಾ ದಂಡೆಯವರು ಹೇಳಿದ್ದೇ ಸರಿ. 'ಅಪ್ ದಿ ಕಂಟ್ರಿ' 1951ರದ್ದು. ಉಳಿದೆರಡು ಬ್ಲ್ಯಾಕ್‌ವುಡ್, 1930 ಮತ್ತು 1931. ವ್ಯಾಪಾರಿ ತಪ್ಪಾಯ್ತು ಅಂದು ವಿವರಣೆ ತಿದ್ದಿದ್ದಾರೆ.

ಹೊಲಿಗೆಬೆನ್ನು

ಸಿಕ್ಕಿತು ನೋಡಿ. ಜೋಸೆಫ್ ಕಾನ್ರಾಡ್ ಅವರ 'ಲಾರ್ಡ್ ಜಿಮ್' ಪುಸ್ತಕವಾಗಿ ಬ್ಲ್ಯಾಕ್‌ವುಡ್‌ನಿಂದ ಬಂದದ್ದು 1900ರಲ್ಲಿ. 'ಯೂತ್' ಬಂದದ್ದು 1902ರ ನವೆಂಬರ್‌ನಲ್ಲಿ. ಕ್ಯಾಟಲಾಗಿನಲ್ಲಿ 'ಲಾರ್ಡ್ ಜಿಮ್' ಮಾತ್ರ ಇದ್ದಿದ್ದರೆ 1901ಕ್ಕೆ ಸರಿಹೊಂದುತ್ತಿತ್ತು. 'ಯೂತ್' ಇರುವುದರಿಂದ ಆ ಕ್ಯಾಟಲಾಗ್ 1902ರ ಕೊನೆಗೂ ಮುಂಚೆ ಅಚ್ಚಾಗಿರುವ ಸಾಧ್ಯತೆ ತೀರ ಕಡಿಮೆ. ಕ್ಯಾಟಲಾಗನ್ನು ಪುಸ್ತಕಕ್ಕೆ ಸೇರಿಸುತ್ತಿದ್ದದ್ದು ರಟ್ಟು ಕಟ್ಟುವಾಗ. ಅಂದರೆ ಹಾಳೆ 1901ರದ್ದೇ, ರಟ್ಟು ಹಾಕಿದ್ದು ವರ್ಷ ಕಳೆದ ಮೇಲೆ.

ಇದು ಮೋಸ ಅಲ್ಲ. ಆಗೆಲ್ಲ ಅಚ್ಚಾದ ಅಷ್ಟೂ ಹಾಳೆಗೆ ಒಂದೇ ಸಲ ರಟ್ಟು ಹಾಕಿಸುತ್ತಿರಲಿಲ್ಲ. ಮಾರಾಟ ನೋಡಿಕೊಂಡು ನೂರಿನ್ನೂರು ಪ್ರತಿ ಕಟ್ಟಿಸುತ್ತಿದ್ದರು, ಉಳಿದ ಹಾಳೆ ಗೋದಾಮಿನಲ್ಲಿ. ಹಾಗಾಗಿ ಒಂದೇ ಮುದ್ರಣದ ಪ್ರತಿಗಳಲ್ಲಿ ಬಟ್ಟೆಯ ಬಣ್ಣ, ಅಕ್ಷರದ ಅಚ್ಚು, ಎಂಡ್‌ಪೇಪರ್ (ರಟ್ಟಿನ ಒಳಬದಿಗೆ ಅಂಟಿಸುವ ಖಾಲಿ ಹಾಳೆ) ಬೇರೆ ಬೇರೆ ಇರಬಹುದು. ಕ್ಯಾಟಲಾಗ್ ನೋಡದೆ ಬಣ್ಣವೊಂದರಿಂದಲೇ 'ಇದು ಮೊದಲಿನದು' ಅನ್ನುವವರ ಮಾತು ನಂಬಬೇಡಿ. ಹಾಗೆಯೇ ಕ್ಯಾಟಲಾಗೊಂದನ್ನೇ ನಂಬಿದರೂ ಕೈ ಸುಡುತ್ತದೆ. ಬೇರೆ ಪುಸ್ತಕದ ಕ್ಯಾಟಲಾಗ್ ತಂದು ಅಂಟಿಸಿದವರಿದ್ದಾರೆ. ಕೊನೆಯ ಕಟ್ಟು ಮತ್ತು ಕ್ಯಾಟಲಾಗ್ ನಡುವಿನ ಸಂದಿಯ ಫೋಟೊ ಕೇಳಿ. ಹೊಲಿಗೆ ದಾರ ಕ್ಯಾಟಲಾಗಿನ ಮಡಿಕೆಯಲ್ಲೂ ಕಂಡರೆ, ಉಳಿದ ಪುಸ್ತಕದ ತೂತಿಗೆ ಸಾಲಾಗಿದ್ದರೆ ಸರಿ. ಬರೀ ಅಂಟಿನ ಗೆರೆ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಚೌಕಾಸಿಗೆ ಈಗ ನಿಮ್ಮ ಕೈಯಲ್ಲಿ ಮೂರು ಅಂಶ ಇವೆ: ತಡವಾಗಿ ಕಟ್ಟಿದ ರಟ್ಟು, ಹೋದ ಅರ್ಧಶೀರ್ಷಿಕೆ, ಲೈಬ್ರರಿ ಮೊಹರು. ಮೊಹರಿನ ಬಗ್ಗೆ ನನಗೆ ತಕರಾರಿಲ್ಲ. ಸ್ಕೂಲ್ ಆಫ್ ಆರ್ಟ್ಸ್ ಅಂದರೆ ಕಲಾಶಾಲೆ ಅಲ್ಲ, ಊರಿನವರು ಚಂದಾ ಕಟ್ಟಿ ನಡೆಸುತ್ತಿದ್ದ ವಾಚನಾಲಯ, ಸಭಾಭವನ. ಪ್ರತಿಯ ಊರು ಗೊತ್ತಾಗುವುದೇ ಒಂದು ಲಾಭ. ಆದರೆ ಮಾರುಕಟ್ಟೆಯಲ್ಲಿ ಮೊಹರಿಗೆ ಬೆಲೆ ಇಳಿಯುತ್ತದೆ, ಅದನ್ನು ನೀವು ಬಳಸಿಕೊಳ್ಳಿ.

ಯಾರಾ ದಂಡೆ

ಪುಸ್ತಕ ಯಾವಾಗ ಆಸ್ಟ್ರೇಲಿಯಾಕ್ಕೆ ಬಂತು ಅಂತ ನೋಡಬೇಕಿದ್ದರೆ ಅಲ್ಲಿನ ನ್ಯಾಷನಲ್ ಲೈಬ್ರರಿಯ ಹಳೇ ಪತ್ರಿಕೆಗಳ ಜಾಲತಾಣ 'ಟ್ರೋವ್' ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಪುಸ್ತಕದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ವರ್ಷ 1901ರಿಂದ 1904ಕ್ಕೆ ಮಿತಿಗೊಳಿಸಿ, ಜಾಹೀರಾತು ವಿಭಾಗ ಆರಿಸಿ. ಅಂಗಡಿಗಳು ಬೆಲೆ ಸಮೇತ ಜಾಹೀರಾತು ಕೊಡುತ್ತಿದ್ದವು, ಬಟ್ಟೆ ರಟ್ಟೋ ಕಾಗದದ ರಟ್ಟೋ ಅನ್ನುವುದೂ ಒಮ್ಮೊಮ್ಮೆ ತಿಳಿಯುತ್ತದೆ. 'ದಿ ಬುಲೆಟಿನ್' ಪತ್ರಿಕೆಯಲ್ಲಿ ಎ. ಜಿ. ಸ್ಟೀಫನ್ಸ್ ವಿಮರ್ಶೆ ಬಂದದ್ದು 1901ರ ಸೆಪ್ಟೆಂಬರ್‌ನಲ್ಲಿ. ಹಳೇ ಅಚ್ಚನ್ನು ಯಂತ್ರ ಓದುವಾಗ ಅಕ್ಷರ ತಪ್ಪುತ್ತದೆ. 'ಫ್ರ್ಯಾಂಕ್ಲಿನ್' ಸಿಗದಿದ್ದರೆ 'ಬ್ರಿಲಿಯಂಟ್' ಮತ್ತು 'ಬ್ಲ್ಯಾಕ್‌ವುಡ್' ಎರಡನ್ನೇ ಹಾಕಿ.

ಹಸ್ತಪ್ರತಿ, ಪತ್ರ, ದಿನಚರಿಗಳು ಸಿಡ್ನಿಯ ಸ್ಟೇಟ್ ಲೈಬ್ರರಿಯ ಮಿಚೆಲ್ ಸಂಗ್ರಹದಲ್ಲಿವೆ. ಕೈಬರಹ ಹೋಲಿಸಿ ನೋಡಲು ಅದೇ ಅಳತೆಗೋಲು.

ಧಾರವಾಡ ಫೇಡಾ

1901ರದ್ದು ತುಟ್ಟಿ ಆತು ಅನ್ನೋರು ಎಲ್ಲಿಂದ ಶುರು ಮಾಡಬೇಕ್ರಿ? 1966ರ ಸುಮಾರಿನ ಆಂಗಸ್ ರಾಬರ್ಟ್‌ಸನ್ ಪ್ರತಿನೂ 'ಫಸ್ಟ್' ಅಂತ ಮಾರತಾರಲ್ಲ?

ಯಾರಾ ದಂಡೆ

ಅದು 'ಫಸ್ಟ್ ಆಸ್ಟ್ರೇಲಿಯನ್ ಎಡಿಷನ್' ಅನ್ನುವ ಅರ್ಥದಲ್ಲಿ. ಕಾದಂಬರಿಯನ್ನು ಜನ ಆತ್ಮಕಥೆ ಅಂತಲೇ ಓದಿದರು, ಮನೆಯವರಿಗೆ ನೋವಾಯಿತು, ಮೊದಮೊದಲ ಮರುಅಚ್ಚುಗಳಾದ ಮೇಲೆ ಲೇಖಕಿ ತಾನು ಬದುಕಿರುವವರೆಗೆ ಮತ್ತೆ ಅಚ್ಚಾಗಲು ಬಿಡಲಿಲ್ಲ. ತೀರಿಕೊಂಡದ್ದು 1954ರಲ್ಲಿ. ಹಾಗಾಗಿ ಬ್ಲ್ಯಾಕ್‌ವುಡ್‌ನ ಹಳೇ ಪ್ರತಿಗಳಿಗೂ 60ರ ದಶಕದ ಪ್ರತಿಗೂ ನಡುವೆ ದೊಡ್ಡ ಖಾಲಿ ಇದೆ. ಬೆಲೆ ಏರಲು ಅದೇ ಕಾರಣ. 60ರ ದಶಕದ್ದು ಓದಲು ಒಳ್ಳೆಯದು, ಕಡಿಮೆ ದುಡ್ಡಿಗೆ ಸಿಗುತ್ತದೆ, ಅದರ ನಿಜವಾದ ಹೆಸರಿನಿಂದ ಕೊಳ್ಳಿ ಅಷ್ಟೆ. ಮುಖಪುಟದಲ್ಲಿ ಸಿನಿಮಾ ಚಿತ್ರವಿದ್ದರೆ 1979ರ ಚಲನಚಿತ್ರದ ನಂತರದ್ದು.

ಶುರು ಮಾಡುವವರಿಗೆ ನನ್ನ ಆಯ್ಕೆ 'ಆಲ್ ದಟ್ ಸ್ವ್ಯಾಗರ್', ಸಿಡ್ನಿಯ 'ದಿ ಬುಲೆಟಿನ್' 1936. ಎಸ್. ಎಚ್. ಪ್ರಯರ್ ಸ್ಮಾರಕ ಬಹುಮಾನ ಪಡೆದ ಕಾದಂಬರಿ, ಚೆನ್ನಾಗಿ ಮಾರಾಟವಾಯಿತು, ಆದ್ದರಿಂದ ಪ್ರತಿಗಳು ಸಿಗುತ್ತವೆ. ಆಮೇಲಿನ ಮುದ್ರಣಗಳೂ ಅಷ್ಟೇ ಸಿಗುತ್ತವೆ ಅನ್ನುವುದು ತೊಂದರೆ, ಶೀರ್ಷಿಕೆಯ ಹಿಂಬದಿ ನೋಡದೆ ಮುಂದುವರಿಯಬೇಡಿ. ಡಿಂಫ್ನಾ ಕ್ಯೂಸಾಕ್ ಜೊತೆ ಬರೆದ 'ಪಯೋನಿಯರ್ಸ್ ಆನ್ ಪರೇಡ್' 1939, ಸಿಡ್ನಿಯ 150ನೇ ವರ್ಷದ ಸಂಭ್ರಮವನ್ನು ಗೇಲಿ ಮಾಡಿದ್ದು. 'ಬ್ರಿಂಗ್ ದಿ ಮಂಕಿ' 1933, ಎಂಡೆವರ್ ಪ್ರೆಸ್. ಇನ್ನು 'ಮೈ ಕೆರಿಯರ್ ಗೋಸ್ ಬಂಗ್': ಮೊದಲ ಕಾದಂಬರಿಯ ಬೆನ್ನಿಗೇ ಬರೆದದ್ದು, ಅಚ್ಚಾಗಿದ್ದು 1946ರಲ್ಲಿ ಮೆಲ್ಬರ್ನ್‌ನ ಜಾರ್ಜಿಯನ್ ಹೌಸ್‌ನಿಂದ. ಯುದ್ಧ ಮುಗಿದ ಹೊಸತರ ಕಾಗದ, ಅಂಚು ಕಂದಾಗದ ಪ್ರತಿ ಸಿಗುವುದು ಕಷ್ಟ. ಪುಟ ಕಂದಾಗಿದೆ ಅಂತ ಬಿಡಬೇಡಿ. ಮೂಲೆ ಮೆಲ್ಲಗೆ ಬಾಗಿಸಿದಾಗ ಮುರಿಯದಿದ್ದರೆ ಸಾಕು.

ಹೊಲಿಗೆಬೆನ್ನು

30ರ ದಶಕದಿಂದ ಮುಂದಿನವಕ್ಕೆ ಜಾಕೆಟ್ ಇಲ್ಲದೆ ಕೊಳ್ಳಬೇಡಿ ಅನ್ನುತ್ತೇನೆ. 1901ಕ್ಕೆ ಜಾಕೆಟ್ ಕೇಳುವುದು ಹುಚ್ಚು, 1936ಕ್ಕೆ ಕೇಳದಿರುವುದೂ ಹುಚ್ಚು.

ಯಾರಾ ದಂಡೆ

ಅಲ್ಲಿ ನಮ್ಮಿಬ್ಬರ ದಾರಿ ಬೇರೆ. ಜಾಕೆಟ್ ಇದ್ದರೆ ಬೆಲೆ ಹಲವು ಪಟ್ಟು. ಅದೇ ದುಡ್ಡಿಗೆ ಜಾಕೆಟ್ ಇಲ್ಲದ ಮೂರು ಗಟ್ಟಿ ಪ್ರತಿ ಬರುತ್ತವೆ. ಪಠ್ಯ ಹೋಲಿಸುವವರಿಗೆ ಜಾಕೆಟ್ ಯಾಕೆ? ಅಲ್ಲದೆ ಜಾಕೆಟ್‌ನಲ್ಲೇ ನಕಲಿ ಹೆಚ್ಚು.

ಗೆದ್ದಲುಶತ್ರು

ನಕಲಿ ಜಾಕೆಟ್ ಹಿಡಿಯಲು ಎರಡು ಸಾಮಾನು ಸಾಕು. ಒಂದು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಅಕ್ಕಸಾಲಿಗರು ಇಟ್ಟುಕೊಳ್ಳುತ್ತಾರಲ್ಲ, ಅದು. ಗಟ್ಟಿ ಬಣ್ಣದ ದೊಡ್ಡ ಅಕ್ಷರದ ಅಂಚು ನೋಡಿ. ಹಳೇ ಅಚ್ಚಿನಲ್ಲಿ ಬಣ್ಣ ಒಂದೇ ಹರವಾಗಿ, ಅಂಚು ಚೂಪಾಗಿರುತ್ತದೆ. ಕಂಪ್ಯೂಟರ್ ಪ್ರಿಂಟ್‌ನಲ್ಲಿ ಅದೇ ಅಕ್ಷರ ನೀಲಿ, ಕೆಂಪು, ಹಳದಿ ಚುಕ್ಕಿಗಳಾಗಿ ಒಡೆಯುತ್ತದೆ.

ಎರಡನೆಯದು 365 ನ್ಯಾನೋಮೀಟರ್‌ನ ಯುವಿ ಟಾರ್ಚ್. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. ಕತ್ತಲೆ ಕೋಣೆಯಲ್ಲಿ 1936ರ ಜಾಕೆಟ್ ನೀಲಿಬಿಳಿ ಹೊಳೆದರೆ ಅದು ಹೊಸ ಕಾಗದ. ಹೊಳೆಯದಿದ್ದರೆ ಅಸಲಿ ಅಂತ ಅರ್ಥ ಅಲ್ಲ, ಹಳೇ ಖಾಲಿ ಹಾಳೆಯ ಮೇಲೂ ಪ್ರಿಂಟ್ ಹಾಕಬಹುದು. ಆಗಷ್ಟೇ ಬಟ್ಟೆ ಒಗೆದ ಕೈಯಲ್ಲಿ ಮುಟ್ಟಬೇಡಿ, ಸೋಪಿನ ಪುಡಿಯೂ ಹೊಳೆಯುತ್ತದೆ!

ರುಜು ಇರುವ ಪ್ರತಿ ಬಂದರೆ ಮೊದಲು ಯಾವ ಪೆನ್ನು ನೋಡಿ. ಬಾಲ್‌ಪೆನ್ ಜನರ ಕೈಗೆ ಬಂದದ್ದು 1945ರ ಈಚೆಗೆ. 1936 ಅಂತ ತಾರೀಖು ಹಾಕಿ ಬಾಲ್‌ಪೆನ್ನಿನಲ್ಲಿ ರುಜು ಇದ್ದರೆ ಮುಂದೆ ಮಾತೇ ಬೇಡ. ಭೂತಗನ್ನಡಿಯಲ್ಲಿ ಬಾಲ್‌ಪೆನ್ ಗೆರೆಯ ಮಧ್ಯೆ ತಗ್ಗು, ಅಲ್ಲಲ್ಲಿ ಮಸಿ ಮುದ್ದೆ ಕಾಣುತ್ತದೆ. ಶಾಯಿ ಪೆನ್ನಿನದು ಕಾಗದದ ನಾರಿನೊಳಗೆ ಇಳಿದಿರುತ್ತದೆ.

ಯಾರಾ ದಂಡೆ

ಇದಕ್ಕೆ ಸೇರಿಸುವುದು: ಬ್ರೆಂಟ್ ಯಾರು ಅನ್ನುವುದನ್ನು ಲೇಖಕಿ ಕೊನೆಯವರೆಗೂ ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಬ್ಲ್ಯಾಕ್‌ವುಡ್‌ನ ಬ್ರೆಂಟ್ ಪುಸ್ತಕದಲ್ಲಿ 'ಮೈಲ್ಸ್ ಫ್ರ್ಯಾಂಕ್ಲಿನ್' ಅಂತ ಚೊಕ್ಕ ರುಜು ಇದ್ದರೆ ನನಗೆ ಖುಷಿಗಿಂತ ಭಯ ಹೆಚ್ಚು.

ಪುಟಗಳ ಸಂತೆ

ಬೆಲೆ ಇಳಿದಿದೆ. 1901ರದ್ದೂ 1930, 1931ರ ಎರಡೂ ತಗೋತೀನಿ, 1951ರದ್ದು ಬಿಡ್ತೀನಿ. ಪ್ಯಾಕಿಂಗ್, ಕಸ್ಟಮ್ಸ್ ಬಗ್ಗೆ ಏನು ಹೇಳಬೇಕು ಅವರಿಗೆ? ಪುಸ್ತಕ ಬರುವುದು ಮಳೆಗಾಲದ ಹೊತ್ತಿಗೆ, ಇಡುವುದು ಮಲೆನಾಡಿನ ಮನೆಯಲ್ಲಿ.

ಗೆದ್ದಲುಶತ್ರು

ಸಾಧ್ಯವಾದರೆ ಅಕ್ಟೋಬರ್‌ವರೆಗೆ ತಡೆದು ಕಳಿಸಲಿ. ಆಗದಿದ್ದರೆ ಪ್ರತಿ ಪುಸ್ತಕಕ್ಕೂ ಆಮ್ಲರಹಿತ ತೆಳು ಕಾಗದ, ಅದರ ಮೇಲೆ ಪಾಲಿಥಿನ್ ಚೀಲ, ಎರಡೂ ಕಡೆ ಪುಸ್ತಕಕ್ಕಿಂತ ಒಂದು ಸೆಂಟಿಮೀಟರ್ ಹೊರಚಾಚುವ ಗಟ್ಟಿ ಕಾರ್ಡ್‌ಬೋರ್ಡ್. ಮೂಲೆ ಜಜ್ಜುವುದನ್ನು ಆ ಒಂದು ಸೆಂಟಿಮೀಟರೇ ತಡೆಯುವುದು. ಆಮೇಲೆ ಬಬಲ್, ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಸುತ್ತ 5 ಸೆಂಟಿಮೀಟರ್ ತುಂಬುವಿಕೆ. ಬಬಲ್ ನೇರ ಬಟ್ಟೆ ರಟ್ಟಿಗೆ ತಾಗಬಾರದು, ಸೆಕೆಗೆ ಗುಳ್ಳೆಗಳ ಗುರುತು ರಟ್ಟಿನ ಮೇಲೆ ಉಳಿಯುತ್ತದೆ.

ಬಂದ ದಿನವೇ ಕಪಾಟಿಗೆ ಸೇರಿಸಬೇಡಿ. ಎರಡು ವಾರ ಬೇರೆ ಇಟ್ಟು, ಬಿಳಿ ಹಾಳೆಯ ಮೇಲೆ ನಿಲ್ಲಿಸಿ, ಬೆಳಿಗ್ಗೆ ಹಾಳೆಯ ಮೇಲೆ ಪುಡಿ ಉದುರಿದೆಯಾ ನೋಡಿ. ಉದುರಿದ್ದರೆ ಹುಳ ಇನ್ನೂ ಜೀವಂತ. ಎರಡು ಪಾಲಿಥಿನ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಬಿಗಿದು, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಫ್ರಿಜ್‌ನ ಮೇಲಿನ ಐಸ್ ಡಬ್ಬಿ ಬೇಡ, ದಿನಕ್ಕೆ ಹತ್ತು ಸಲ ಬಾಗಿಲು ತೆರೆದರೆ ಅಷ್ಟು ತಣ್ಣಗಿರುವುದಿಲ್ಲ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಹವೆಯ ನೀರು ತಣ್ಣನೆಯ ರಟ್ಟಿನ ಮೇಲೆ ಕೂತು ಕಲೆಯಾಗುತ್ತದೆ.

ಮಲೆನಾಡಿಗೆ ಮುಖ್ಯ ಶತ್ರು ಹುಳಕ್ಕಿಂತ ಬೂಷ್ಟು. ತೇವಾಂಶ 45ರಿಂದ 55 ಶೇಕಡ ಇದ್ದರೆ ಉತ್ತಮ, 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಗ್ಯಾರಂಟಿ. ಸಣ್ಣ ತೇವಾಂಶ ಮಾಪಕ ಇಟ್ಟುಕೊಳ್ಳಿ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಸಿಲಿಕಾ ಜೆಲ್ ಜೊತೆಗಿಡಿ, ಬಣ್ಣ ಬದಲಾದ ಕೂಡಲೇ ಒಣಗಿಸಿ ಹಾಕಿ. ಸಿಲಿಕಾ ಇಲ್ಲದ ಮುಚ್ಚಿದ ಡಬ್ಬಿ ಬೂಷ್ಟಿಗೆ ತೊಟ್ಟಿಲು. ನ್ಯಾಫ್ತಲಿನ್ ಗುಳಿಗೆ ಬೇಡ, ಆ ವಾಸನೆ ಕಾಗದದಿಂದ ಬಿಡುವುದೇ ಇಲ್ಲ.

ಸಡಿಲವಾದ ಎಲೆಗೆ ಫೆವಿಕಾಲ್, ಸೆಲ್ಲೋಟೇಪ್ ಎರಡೂ ನಿಷಿದ್ಧ. ಟೇಪಿನ ಅಂಟು ಹತ್ತಿಪ್ಪತ್ತು ವರ್ಷಕ್ಕೆ ಹಳದಿ ಪಟ್ಟಿಯಾಗಿ ಕಾಗದದೊಳಗೆ ಇಳಿಯುತ್ತದೆ. ಫೆವಿಕಾಲ್ ಒಣಗಿದ ಮೇಲೆ ಬಾಗುವುದಿಲ್ಲ, ಪುಟ ತಿರುಗಿಸಿದಾಗ ಅಂಟಿನ ಗೆರೆಯ ಪಕ್ಕದಲ್ಲೇ ಹರಿಯುತ್ತದೆ. ಬಳಸಬೇಕಾದದ್ದು ಗೋಧಿ ಪಿಷ್ಟದ ಅಂಟು, ಜಪಾನಿ ಟಿಶ್ಯೂ (ತೆಳುವಾದರೂ ಗಟ್ಟಿ ನಾರಿನ ಕಾಗದ). ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ ಪಾರದರ್ಶಕ ಆಗುವವರೆಗೆ ಬೇಯಿಸಿ, ಆರಿದ ಮೇಲೆ ಜರಡಿಯಲ್ಲಿ ಎರಡು ಸಲ ಒತ್ತಿ ಸೋಸಿ, ಬೇಕಾದಷ್ಟು ನೀರು ಬೆರೆಸಿ. ಮೈದಾ ಅಂಟು ಬೇರೆ, ಅದರಲ್ಲಿನ ಪ್ರೋಟೀನಿಗೆ ಜಿರಳೆ, ಬೆಳ್ಳಿಮೀನು (ಸಿಲ್ವರ್‌ಫಿಶ್ ಅನ್ನುವ ಹುಳ) ಬರುತ್ತವೆ. ಕೈ ಪಳಗದವರು ಮೊದಲು ಹಳೇ ಪಠ್ಯಪುಸ್ತಕದ ಮೇಲೆ ಹತ್ತು ಸಲ ಮಾಡಿ ನೋಡಲಿ.

ಪುಟದ ಮೇಲಿನ ಕಂದು ಚುಕ್ಕಿಗೆ ಏನೂ ಮಾಡಬೇಡಿ. ಬ್ಲೀಚ್ ಹಾಕಿದರೆ ಚುಕ್ಕಿ ಹೋಗುತ್ತದೆ, ಕಾಗದದ ಶಕ್ತಿಯೂ ಅದರ ಜೊತೆಗೇ ಹೋಗುತ್ತದೆ.

ಹೊಲಿಗೆಬೆನ್ನು

ಕಸ್ಟಮ್ಸ್: ಅಚ್ಚಾದ ಪುಸ್ತಕ ಸುಂಕದ ಪಟ್ಟಿಯ 4901ನೇ ಸಂಖ್ಯೆಯಡಿ ಬರುತ್ತದೆ, 2019ರ ಬಜೆಟ್‌ನಲ್ಲಿ ಆಮದು ಪುಸ್ತಕಕ್ಕೆ ಶೇ. 5 ಸುಂಕ ಹಾಕಿದರು. ಆದರೆ ನಿಮ್ಮ 1901ರದ್ದು ನೂರು ವರ್ಷ ದಾಟಿದೆ, ಅದನ್ನು ಪುರಾತನ ವಸ್ತುಗಳ 9706ರಡಿ ಹಾಕಿದರೆ ತೆರಿಗೆ ಲೆಕ್ಕವೇ ಬದಲಾಗುತ್ತದೆ. ಕಳಿಸುವ ಮುಂಚೆ ಕೊರಿಯರ್‌ನವರನ್ನು ಯಾವುದರಡಿ ತೋರಿಸುತ್ತೀರಿ, ಇವತ್ತಿನ ದರ ಎಷ್ಟು ಅಂತ ಬರಹದಲ್ಲಿ ಕೇಳಿ. 1930, 1931ರ ಎರಡನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬಿಲ್ಲಿನಲ್ಲಿ ತರಿಸಿದರೆ ಗೊಂದಲ ಇಲ್ಲ. 'ಗಿಫ್ಟ್' ಅಂತ ಬರೆಸುವುದು, ಬೆಲೆ ಕಡಿಮೆ ತೋರಿಸುವುದು ಬೇಡ. ಸಿಕ್ಕಿಬಿದ್ದರೆ ದಂಡ, ಕಳೆದುಹೋದರೆ ವಿಮೆಯಲ್ಲಿ ಬರುವುದು ಆ ಸುಳ್ಳು ಬೆಲೆಯೇ. ಆಸ್ಟ್ರೇಲಿಯಾದ ಕಡೆ 1986ರ ಸಾಂಸ್ಕೃತಿಕ ಸ್ವತ್ತಿನ ರಫ್ತು ಕಾಯ್ದೆ ಇದೆ, ಅನುಮತಿ ಬೇಕಾ ಅನ್ನುವುದನ್ನು ವ್ಯಾಪಾರಿಯೇ ನೋಡಿಕೊಳ್ಳಲಿ, ಉತ್ತರ ಮಾತ್ರ ಇಮೇಲಿನಲ್ಲಿ ಇರಲಿ.

ಕೈಗೆ ಬಂದ ಮೇಲೆ ನಿಮ್ಮ ಸಂಗ್ರಹದ ಕಾರ್ಡಿನಲ್ಲಿ ಹೀಗೆ ಬರೆದಿಡಿ: "ಬ್ಲ್ಯಾಕ್‌ವುಡ್, ಎಡಿನ್‌ಬರೋ ಮತ್ತು ಲಂಡನ್, 1901. ಮೊದಲ ಮುದ್ರಣದ ಹಾಳೆ. ರಟ್ಟು ನಂತರದ್ದು, ಕ್ಯಾಟಲಾಗಿನಲ್ಲಿ 1902 ನವೆಂಬರ್‌ನ ಪುಸ್ತಕ ಇದೆ. ಅರ್ಧಶೀರ್ಷಿಕೆ ಎಲೆ ಇಲ್ಲ, ಬ್ರಿಟಿಷ್ ಅಥವಾ ವಸಾಹತು ಪ್ರತಿ ಎಂದು ನಿರ್ಧರಿಸಲಾಗದು. ಮೊಹರು ಮೂರು."

ಪುಟಗಳ ಸಂತೆ

ಬರೆದುಕೊಂಡೆ ಸರ್. ಕಾರ್ಡ್ ಪುಸ್ತಕದೊಳಗೇ ಇಡಬಹುದಾ?

ಗೆದ್ದಲುಶತ್ರು

ಬೇಡ. ಸಾದಾ ಕಾರ್ಡಿನ ಆಮ್ಲ ಎದುರಿನ ಪುಟಕ್ಕೆ ಇಳಿದು ಚೌಕಾಕಾರದ ಕಂದು ಗುರುತು ಬೀಳುತ್ತದೆ. ಹೊರಗೆ ಬೇರೆ ಪೆಟ್ಟಿಗೆಯಲ್ಲಿಡಿ. ಪುಸ್ತಕದಲ್ಲಿ ಏನಾದರೂ ಬರೆಯಲೇಬೇಕಿದ್ದರೆ ಹಿಂದಿನ ಎಂಡ್‌ಪೇಪರಿನ ಮೂಲೆಯಲ್ಲಿ ಕಾರ್ಡಿನ ನಂಬರ್ ಮಾತ್ರ, 2ಬಿ ಪೆನ್ಸಿಲ್, ಒತ್ತದೆ.